ಹೊಳಪು ನೋಡಿ ಕಾರು ಒಪ್ಪಿಸಬೇಡಿ

ಹೊಸ ಕಾರು ಮನೆಗೆ ಬಂದು ವರ್ಷ ತುಂಬುವಷ್ಟರಲ್ಲಿ ಬಹಳ ಜನಕ್ಕೆ ಒಂದು ಕಸಿವಿಸಿ ಶುರುವಾಗುತ್ತದೆ. ನೆರಳಿನಲ್ಲಿ ನಿಂತ ಕಾರು ಚೆನ್ನಾಗಿಯೇ ಕಾಣುತ್ತದೆ. ಅದೇ ಕಾರನ್ನು ಮಧ್ಯಾಹ್ನದ ಬಿಸಿಲಲ್ಲೋ, ರಾತ್ರಿ ಪೆಟ್ರೋಲ್ ಬಂಕಿನ ದೀಪದ ಕೆಳಗೋ ನೋಡಿದರೆ ಬಾನೆಟ್ ತುಂಬ ಸುತ್ತುಸುತ್ತಾದ ಸಣ್ಣ ಗೆರೆಗಳು. ಕಪ್ಪು ಕಾರಾದರಂತೂ ಕೇಳುವುದೇ ಬೇಡ. ಪರಿಹಾರಕ್ಕೆ ಫೋನ್ ತೆರೆದರೆ ಜಾಹೀರಾತುಗಳ ಸಾಲು: ‘9ಎಚ್ ಸೆರಾಮಿಕ್, ಐದು ವರ್ಷ ವಾರಂಟಿ’, ‘ಗ್ರಾಫೀನ್ ಕೋಟಿಂಗ್’, ‘ಮೂರೇ ಗಂಟೆಯಲ್ಲಿ ಶೋರೂಂ ಹೊಳಪು’. ಒಬ್ಬರು ಹೇಳುವ ರೇಟಿಗೂ ಇನ್ನೊಬ್ಬರ ರೇಟಿಗೂ ಐದಾರು ಪಟ್ಟು ವ್ಯತ್ಯಾಸ, ಕೆಲಸದ ಹೆಸರು ಮಾತ್ರ ಒಂದೇ. ಯಾರನ್ನು ನಂಬುವುದು?

ಡೆಲಿವರಿ ದಿನದ ಹೊಳಪನ್ನು ನಂಬಿ ಆರಿಸಬೇಡಿ ಎಂಬುದು ನನ್ನ ಮೊದಲ ಮಾತು. ಆ ಹೊಳಪನ್ನು ಯಾರು ಬೇಕಾದರೂ ಬರಿಸಬಲ್ಲರು. ಡೀಟೇಲರ್, ಅಂದರೆ ಕಾರು ತೊಳೆದು ಪಾಲಿಶ್, ಕೋಟಿಂಗ್ ಮಾಡುವವರು, ಕಾರನ್ನು ಹೇಗೆ ತೊಳೆಯುತ್ತಾರೆ, ಯಾವ ಕೆಲಸವನ್ನು ‘ಬೇಡ’ ಎನ್ನುತ್ತಾರೆ, ಇವೆರಡನ್ನು ಗಮನಿಸಿ.

ಪಾಲಿಶ್ ನಿಜವಾಗಿ ಏನು ಮಾಡುತ್ತದೆ

ಇಂದಿನ ಕಾರುಗಳ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಕಂಪನಿಯಿಂದ ಬಂದ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು, ಕೆಲವು ಕಾರುಗಳಲ್ಲಿ ಇನ್ನೂ ಕಡಿಮೆ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಇದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್ ಮಾತ್ರ, ತಲೆಗೂದಲಿಗಿಂತ ತೆಳು. ಕಾರಿನ ಹೊಳಪು ಇರುವುದು ಆ ಪದರದಲ್ಲಿ. ಬಿಸಿಲಿನ ನೇರಳಾತೀತ ಕಿರಣದಿಂದ ಬಣ್ಣವನ್ನು ಕಾಯುವುದೂ ಅದೇ.

ನಿಮ್ಮ ಕಣ್ಣು ಕುಕ್ಕುವ ಗೆರೆಗಳೆಲ್ಲ ಈ ಕ್ಲಿಯರ್ ಕೋಟಿನ ಮೇಲಿನ ಗೀರುಗಳು. ರಬ್ಬಿಂಗ್-ಪಾಲಿಶಿಂಗ್ ಮಾಡಿದಾಗ ಗೀರು ಅಳಿಸಿಹೋಗುತ್ತದೆ ಎಂದುಕೊಳ್ಳುತ್ತೇವೆ. ನಿಜಕ್ಕೂ ಆಗುವುದು ಬೇರೆ. ಗೀರಿನ ಸುತ್ತಲಿನ ಪದರವನ್ನೇ ತೇಯ್ದು ಗೀರಿನ ತಳದ ಮಟ್ಟಕ್ಕೆ ಇಳಿಸುತ್ತಾರೆ. ಒಮ್ಮೆ ತೇಯ್ದರೆ ಕೆಲವು ಮೈಕ್ರಾನ್ ಖರ್ಚು, ಅದು ಮತ್ತೆ ಬರುವುದಿಲ್ಲ. ವರ್ಷವರ್ಷವೂ ಸರ್ವಿಸಿನ ಜೊತೆ ‘ರಬ್ಬಿಂಗೂ ಹಾಕಿಬಿಡಿ’ ಎಂದವರ ಕಾರಿನ ಟಾಪು, ಬಾನೆಟ್ಟು ಕೆಲವು ವರ್ಷಗಳಲ್ಲಿ ಬಿಳಿಚಿಕೊಂಡು ಸಿಪ್ಪೆ ಏಳುವುದು ಇದೇ ಕಾರಣಕ್ಕೆ. ಹಾಗಾಗಿ ಎಷ್ಟು ತೇಯುತ್ತೇನೆ ಎಂದು ಅಳೆದು ಹೇಳಬಲ್ಲವರ ಕೈಗೆ ಮಾತ್ರ ಮಶೀನು ಕೊಡಬೇಕು.

ಗೀರು ಬೀಳುವುದೆಲ್ಲಿ? ಬಹುಪಾಲು ತೊಳೆಯುವಾಗಲೇ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೆಳಗಾಗುವ ಮುಂಚೆ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಹತ್ತಾರು ಕಾರು ಒರೆಸುವುದನ್ನು ನೋಡಿದ್ದೀರಿ. ಮೊದಲ ಕಾರಿನ ಮರಳು ಎಂಟನೇ ಕಾರಿನ ಬಾನೆಟ್ಟಿನ ಮೇಲೆ ಆಡುತ್ತಿರುತ್ತದೆ. ಒರೆಸುವ ಹುಡುಗನನ್ನು ಬೈದು ಪ್ರಯೋಜನವಿಲ್ಲ, ತಿಂಗಳಿಗೆ ನಾವು ಕೊಡುವ ದುಡ್ಡಿಗೆ ಅಷ್ಟೇ ಸಮಯ ಸಿಗುತ್ತದೆ. ರಸ್ತೆ ಬದಿಯ ವಾಟರ್ ಸರ್ವಿಸಿನಲ್ಲೂ ಹೆಚ್ಚೂಕಡಿಮೆ ಇದೇ ಕಥೆ.

ಹುಡುಕುವ ಮುಂಚೆ

ನಿಮ್ಮ ಕಾರಿನ ಕಾಯಿಲೆ ಏನೆಂದು ನಿಮಗೆ ಅಂದಾಜಿರಲಿ, ಇಲ್ಲವಾದರೆ ಅಂಗಡಿಯವರು ಹೇಳಿದ್ದೇ ಕಾಯಿಲೆ. ಸಂಡೂರು, ಹೊಸಪೇಟೆ ಕಡೆ ಓಡಾಡುವ ಕಾರಿಗೆ ಅದಿರಿನ ದೂಳು ಅಂಟಿ ಕೂತಿರುತ್ತದೆ, ಅದಕ್ಕೆ ಬೇಕಾದ್ದು ಕಬ್ಬಿಣದ ಕಣ ಕರಗಿಸುವ ದ್ರಾವಣ ಮತ್ತು ಅಂಟಿದ ಕಣವನ್ನು ಎಳೆದು ತೆಗೆಯುವ ಕ್ಲೇ ಎಂಬ ಮೆತ್ತನೆಯ ಉಂಡೆ. ಮಂಗಳೂರು, ಕಾರವಾರದ ಕರಾವಳಿಯಲ್ಲಿ ಬಣ್ಣಕ್ಕಿಂತ ಮೊದಲು ಅಡಿಭಾಗದ ತುಕ್ಕನ್ನು ನೋಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಸೀಟಿಗೆ ಬೂಷ್ಟು ಹಿಡಿದಿದ್ದರೆ ಹೊರಗಿನ ಕೋಟಿಂಗಿನಿಂದ ಏನೂ ಆಗದು. ಬೆಂಗಳೂರಿನ ಕಾರುಗಳಿಗೆ ಎರಡು ಪೀಡೆ: ಬೋರ್‌ವೆಲ್ ನೀರಿನ ಬಿಳಿ ಕಲೆ, ಮರದ ಕೆಳಗೆ ನಿಲ್ಲಿಸಿದಾಗಿನ ಅಂಟು ಮತ್ತು ಹಕ್ಕಿ-ಬಾವಲಿ ಹಿಕ್ಕೆ.

ಗೀರಿನ ಮೇಲೆ ಉಗುರನ್ನು ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರು ತಡೆದು ನಿಂತರೆ ಗೀರು ಆಳವಾಗಿದೆ, ಪಾಲಿಶಿನಿಂದ ಅದು ಪೂರ್ತಿ ಹೋಗುವ ಸಂಭವ ಕಡಿಮೆ. ‘ಎಲ್ಲ ಹೋಗುತ್ತೆ ಸಾರ್’ ಎಂದು ಯಾರಾದರೂ ಅಂದರೆ ಅಲ್ಲಿಂದ ಹೊರಡಬಹುದು.

ಆರಿಸುವ ಹಂತಗಳು

1. ಫೋನಿನಲ್ಲೇ ಮೊದಲ ಜರಡಿ ಹಿಡಿಯಿರಿ. ಕಾರಿನ ಮಾಡೆಲ್ ಹೇಳಿ ಪಾಲಿಶಿಗೆ ಎಷ್ಟು ಎಂದು ಕೇಳಿ. ‘ಅಂದಾಜು ಇಷ್ಟರಿಂದ ಇಷ್ಟಾಗುತ್ತೆ, ಆದರೆ ಕಾರು ನೋಡದೆ ರೇಟ್ ಹೇಳಕ್ಕಾಗಲ್ಲ ಸಾರ್’ ಎಂಬ ಉತ್ತರ ಒಳ್ಳೆಯ ಲಕ್ಷಣ. ಕಾರು ನೋಡುವ ಮೊದಲೇ ಪ್ಯಾಕೇಜ್, ‘ಇವತ್ತು ಬುಕ್ ಮಾಡಿದರೆ ಅರ್ಧ ಬೆಲೆ’ ಎಂಬ ಆತುರ ಕೆಟ್ಟ ಲಕ್ಷಣ.

2. ಕಾರು ತರದೆ ಒಮ್ಮೆ ಅಂಗಡಿಗೆ ಹೋಗಿ, ಬೇರೆ ಯಾರದೋ ಕಾರು ತೊಳೆಯುವುದನ್ನು ಕಾಲು ಗಂಟೆ ನಿಂತು ನೋಡಿ. ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಮೊದಲು ಬರಿ ನೀರು ಅಥವಾ ನೊರೆ ಹೊಡೆದು ಮಣ್ಣು ಸಡಿಲವಾಗುವವರೆಗೆ ಬಿಡಬೇಕು, ಕೈ ಹಾಕುವುದು ಆಮೇಲೆ. ಎರಡು ಬಕೆಟ್ ಇರಬೇಕು: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಗವಸು ಅದ್ದಿ ಮಣ್ಣು ಬಿಡಿಸುವ ಬರಿ ನೀರು. ಚಕ್ರಕ್ಕೆ ಬೇರೆ ಬಟ್ಟೆ, ಬೇರೆ ಬ್ರಷ್. ಮೇಲಿನಿಂದ ಕೆಳಕ್ಕೆ ತೊಳೆಯಬೇಕು, ಏಕೆಂದರೆ ಮರಳು ಹೆಚ್ಚಿರುವುದು ಕೆಳಗಿನ ಅಂಚಿನಲ್ಲಿ. ಕೆಳಗೆ ಬಿದ್ದ ಬಟ್ಟೆಯನ್ನು ಎತ್ತಿ ಝಾಡಿಸಿ ಮತ್ತೆ ಬಾನೆಟ್ ಒರೆಸಿದರೆ ಮುಂದಿನ ಪರೀಕ್ಷೆಗಳು ಬೇಕಿಲ್ಲ. ಇವರು ಇಂದು ಪಾಲಿಶ್ ಮಾಡಿ ತೆಗೆಯುವ ಗೆರೆಯನ್ನು ಮುಂದಿನ ತಿಂಗಳು ತಾವೇ ತೊಳೆದು ಹಾಕುತ್ತಾರೆ.

3. ನೀರು ಯಾವುದು ಎಂದು ಕೇಳಿ. ಗಡಸು ಬೋರ್‌ವೆಲ್ ನೀರು ಬಾನೆಟ್ಟಿನ ಮೇಲೆ ಒಣಗಿದರೆ ಸುಣ್ಣದ ಕಲೆ ಕೂರುತ್ತದೆ, ಬಿಸಿಲಿನಲ್ಲಿ ಕಾದರೆ ಕ್ಲಿಯರ್ ಕೋಟನ್ನೇ ಕೊರೆಯುತ್ತದೆ. ಒಳ್ಳೆಯ ಜಾಗದಲ್ಲಿ ನೀರು ಮೆದುಮಾಡುವ ಅಥವಾ ಶುದ್ಧೀಕರಿಸುವ ಘಟಕ ಇರುತ್ತದೆ, ಕೊನೆಯ ಸುತ್ತಿಗಾದರೂ ಅಂಥ ನೀರನ್ನೇ ಬಳಸುತ್ತಾರೆ. ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. 2024ರ ಮಾರ್ಚಿನ ನೀರಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ನೀರಿನ ಮೂಲದ ಬಗ್ಗೆ ಕೇಳಿದಾಗ ತಡಬಡಾಯಿಸುವವರು ಉಳಿದ ವಿಷಯದಲ್ಲೂ ಅಷ್ಟೇ.

4. ‘ದಪ್ಪ ಅಳೆಯುತ್ತೀರಾ?’ ಪೇಂಟ್ ಗೇಜ್ ಎಂಬ ಅಂಗೈಯಗಲದ ಉಪಕರಣವನ್ನು ತಗಡಿಗೆ ಒತ್ತಿದರೆ ಬಣ್ಣದ ದಪ್ಪ ಮೈಕ್ರಾನಿನಲ್ಲಿ ಬರುತ್ತದೆ. ಬಾಗಿಲು, ಬಾನೆಟ್, ಟಾಪು, ಡಿಕ್ಕಿ ಎಲ್ಲ ಕಡೆ ಅಳೆದು ಬರೆದಿಡಬೇಕು. ಒಂದು ಬಾಗಿಲಲ್ಲಿ 120, ಪಕ್ಕದ ಬಾಗಿಲಲ್ಲಿ 300 ಬಂದರೆ ಅದು ಮತ್ತೆ ಬಣ್ಣ ಹೊಡೆದ ಬಾಗಿಲು. ಅದಕ್ಕೂ ಎಷ್ಟೋ ಮೇಲೆ ಹೋದರೆ ಒಳಗೆ ಪುಟ್ಟಿ ಮೆತ್ತಿದ್ದಾರೆ. ಮಾಮೂಲಿ ಗೇಜು ಪ್ಲಾಸ್ಟಿಕ್ ಬಂಪರಿನ ಮೇಲೆ ನಡೆಯುವುದಿಲ್ಲ, ಬಂಪರಿಗೂ ಗೇಜು ಹಿಡಿದು ಅಂಕಿ ಓದುವವರನ್ನು ಕಂಡರೆ ನಕ್ಕು ಹೊರಬನ್ನಿ. ಗೇಜು ಒಟ್ಟು ದಪ್ಪ ಹೇಳುತ್ತದೆಯೇ ಹೊರತು ಕ್ಲಿಯರ್ ಕೋಟು ಎಷ್ಟು ಉಳಿದಿದೆ ಎಂದಲ್ಲ. ಈ ಮಿತಿಯನ್ನು ತಾವಾಗಿ ಹೇಳಿದರೆ ಕೆಲಸ ಗೊತ್ತಿರುವವರು ಎಂದೇ ಲೆಕ್ಕ.

5. ಅಂಗೈಯಗಲದ ಒಂದು ಜಾಗದಲ್ಲಿ ಮಾದರಿ ಮಾಡಿ ತೋರಿಸಲು ಕೇಳಿ. ಸೂಕ್ಷ್ಮವಾದ ಪಾಲಿಶ್, ಮೆತ್ತನೆ ಪ್ಯಾಡಿನಿಂದ ಆರಂಭಿಸಿ, ಅದು ಸಾಲದೆ ಹೋದರೆ ಮಾತ್ರ ಒರಟು ಕಾಂಪೌಂಡಿಗೆ ಏರಬೇಕು. ಮಾದರಿ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆತ ದ್ರಾವಣದಿಂದ ಒರೆಸಿಸಿ, ಟಾರ್ಚ್ ಬಿಟ್ಟು ನೋಡಿ. ಗೀರಿನೊಳಗೆ ಎಣ್ಣೆ, ಮೇಣ ತುಂಬಿ ಮುಚ್ಚುವ ಪಾಲಿಶ್‌ಗಳಿವೆ. ಅವು ಡೆಲಿವರಿ ದಿನ ಮಿಂಚಿ ನಾಲ್ಕಾರು ವಾಶ್‌ಗೆ ಬಣ್ಣ ಬಯಲು ಮಾಡುತ್ತವೆ. ಒರೆಸಿದ ಮೇಲೂ ಗೀರು ಕಾಣದಿದ್ದರೆ ಕೆಲಸ ನಿಜವಾದದ್ದು. ನೂರಕ್ಕೆ ನೂರು ಗೀರು ತೆಗೆಸಬೇಕೆಂದು ನೀವೂ ಹಠ ಹಿಡಿಯಬೇಡಿ. ದಿನಾ ಓಡಿಸುವ ಕಾರಿಗೆ ಮುಕ್ಕಾಲು ಪಾಲು ಹೋಗಿ ಕ್ಲಿಯರ್ ಕೋಟು ಉಳಿದರೆ ಅದೇ ಲಾಭ.

6. ಮಶೀನು ಯಾವುದು ಎಂದು ನೋಡಿ. ಸುತ್ತುತ್ತಲೇ ಅತ್ತಿತ್ತ ಅಲುಗುವ ಡ್ಯುಯಲ್ ಆ್ಯಕ್ಷನ್ ಮಶೀನು ಬಿಸಿ ಕಡಿಮೆ ಮಾಡುತ್ತದೆ, ತಪ್ಪಾದರೂ ಅನಾಹುತ ಸಣ್ಣದು. ಒಂದೇ ಅಕ್ಷದಲ್ಲಿ ಜೋರಾಗಿ ತಿರುಗುವ ರೋಟರಿ ಪಳಗಿದ ಕೈಯಲ್ಲಿ ಒಳ್ಳೆಯದೇ, ಹೊಸಬರ ಕೈಯಲ್ಲಿ ಅಂಚುಗಳ ಬಣ್ಣವನ್ನು ಸುಟ್ಟುಬಿಡುತ್ತದೆ. ಬಿಸಿಲಿನಲ್ಲಿ ಕಾರು ತಿರುಗಿಸಿದಂತೆಲ್ಲ ಅದರ ಜೊತೆ ತೇಲುವ ಹೊಗೆಯಂಥ ಪಟ್ಟೆಗಳು ಕಂಡರೆ ಅದು ರೋಟರಿಯ ಗುರುತು. ಈ ವೃತ್ತಿಯವರು ಅದನ್ನು ಹೋಲೋಗ್ರಾಮ್ ಎನ್ನುತ್ತಾರೆ.

7. ಬೆಲೆಗಿಂತ ಮೊದಲು ಸಮಯ ಕೇಳಿ. ತೊಳೆದು, ಕ್ಲೇ ಹಾಕಿ, ಟೇಪ್ ಅಂಟಿಸಿ, ಎರಡು ಹಂತದಲ್ಲಿ ಪಾಲಿಶ್ ಮಾಡಿ, ಒರೆಸಿ, ಕೋಟಿಂಗ್ ಹಚ್ಚಿ ಒಣಗಿಸಲು ಮಧ್ಯಮ ಗಾತ್ರದ ಕಾರಿಗೂ ಎರಡು-ಮೂರು ದಿನ ಹಿಡಿಯುತ್ತದೆ. ಬೆಳಿಗ್ಗೆ ಬಿಟ್ಟು ಊಟದ ಹೊತ್ತಿಗೆ ತೆಗೆದುಕೊಂಡು ಹೋಗಿ ಎಂದರೆ ಮಧ್ಯದ ಯಾವುದೋ ಹಂತ ಹಾರಿಹೋಗಿದೆ, ಹಾರುವುದು ಸಾಮಾನ್ಯವಾಗಿ ಕಣ್ಣಿಗೆ ಕಾಣದ ಹಂತವೇ.

8. ಫೋಟೋ, ರಿವ್ಯೂ. ‘ಮೊದಲು-ಆಮೇಲೆ’ ಚಿತ್ರಗಳಲ್ಲಿ ಮೊದಲನೆಯದು ಬಿಸಿಲಲ್ಲಿ, ಎರಡನೆಯದು ನೆರಳಲ್ಲಿ ತೆಗೆದಿದ್ದರೆ ಅದು ಪುರಾವೆಯಲ್ಲ. ಎರಡರಲ್ಲೂ ಒಂದೇ ದೀಪದ ಪ್ರತಿಬಿಂಬ ಕಾಣಬೇಕು. ಐದು ಚುಕ್ಕಿ ಬಿಟ್ಟು ಮೂರು ಚುಕ್ಕಿಯವರನ್ನು ಓದಿ. ಆರು ತಿಂಗಳ ಹಿಂದೆ ಕೆಲಸ ಮಾಡಿಸಿದ ಗಿರಾಕಿಯ ಕಾರು ನೋಡಲು ಸಿಕ್ಕರೆ ಇನ್ನೇನೂ ಬೇಡ.

ಸೆರಾಮಿಕ್, ಪಿಪಿಎಫ್: ಮಾತಿಗೂ ವಸ್ತುವಿಗೂ ಇರುವ ದೂರ

ಅತಿ ಹೆಚ್ಚು ದುಡ್ಡು ಕೈಬಿಡುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

ಸೆರಾಮಿಕ್ ಕೋಟಿಂಗ್ ಸಿಲಿಕಾ ಆಧಾರದ ದ್ರಾವಣ. ಹಚ್ಚಿದ ಮೇಲೆ ಗಟ್ಟಿಯಾಗಿ ಒಂದೆರಡು ಮೈಕ್ರಾನ್ ಮಟ್ಟದ ತೆಳು ಪದರವಾಗುತ್ತದೆ. ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ಹಕ್ಕಿ ಹಿಕ್ಕೆ ಕೊರೆಯುವ ಮೊದಲು ಅದನ್ನು ತೆಗೆಯಲು ನಿಮಗೆ ಒಂದಿಷ್ಟು ಹೆಚ್ಚು ಸಮಯ ಸಿಗುತ್ತದೆ. ಕಲ್ಲು ಹಾರಿ ಬಿದ್ದರೆ, ಬೈಕಿನ ಹ್ಯಾಂಡಲ್ ಉಜ್ಜಿದರೆ, ಮಕ್ಕಳು ಕಾಂಪಸ್ಸಿನಿಂದ ಗೀಚಿದರೆ ಅದು ತಡೆಯುವುದಿಲ್ಲ. ‘9ಎಚ್’ ಎಂದರೆ ವಜ್ರದ ಹತ್ತಿರದ ಗಡಸು ಎಂದು ಮಾರುವವರಿದ್ದಾರೆ. ವಜ್ರಕ್ಕೆ 10 ಅಂಕ ಕೊಡುವುದು ಮೋಸ್ ಮಾಪನದಲ್ಲಿ. 9ಎಚ್ ಪೆನ್ಸಿಲಿನ ಮಾಪನ: ಬೇರೆಬೇರೆ ಗಡಸಿನ ಪೆನ್ಸಿಲುಗಳಿಂದ ಲೇಪವನ್ನು ಗೀಚಿ ನೋಡುವ ಪರೀಕ್ಷೆಯಲ್ಲಿ ಬಳಸುವ ಅತಿ ಗಡಸು ಪೆನ್ಸಿಲಿನ ದರ್ಜೆ ಅದು. ಎರಡಕ್ಕೂ ಸಂಬಂಧವಿಲ್ಲ.

ಕೋಟಿಂಗ್ ಹಚ್ಚುವ ಮೊದಲು ಗೀರು ತೆಗೆಯದಿದ್ದರೆ ಗೀರುಗಳ ಮೇಲೆಯೇ ಗಾಜು ಹಾಕಿಸಿಕೊಂಡಂತೆ. ಅಂಗಡಿಯಲ್ಲಿ ದೂಳು ಬಾರದ, ಬೆಳಕು ಚೆನ್ನಾಗಿರುವ ಮುಚ್ಚಿದ ಕೋಣೆ ಇದೆಯೇ ನೋಡಿ. ಹಚ್ಚಿದ ದ್ರಾವಣವನ್ನು ಹೊತ್ತು ಮೀರದಂತೆ ಒರೆಸದಿದ್ದರೆ ಕಾಮನಬಿಲ್ಲಿನ ಬಣ್ಣದ ತೇಪೆಗಳು ಗಟ್ಟಿಯಾಗಿ ಉಳಿದುಬಿಡುತ್ತವೆ. ವಾರಂಟಿ ಕಾಗದವನ್ನು ಪೂರ್ತಿ ಓದಿ. ‘ಐದು ವರ್ಷ’ದ ಕೆಳಗೆ ಸಣ್ಣಕ್ಷರದಲ್ಲಿ, ವರ್ಷಕ್ಕೊಮ್ಮೆಯೋ ಎರಡು ಸಲವೋ ಅವರಲ್ಲೇ ದುಡ್ಡು ಕೊಟ್ಟು ಮೇಂಟೆನೆನ್ಸ್ ಮಾಡಿಸಬೇಕೆಂದು ಬರೆದಿರುತ್ತದೆ. ನೀರಿನ ಕಲೆ, ಗೀರು, ಹಕ್ಕಿ ಹಿಕ್ಕೆ ಹೊರತು ಎಂದೂ ಇರಬಹುದು. ಅವೆಲ್ಲ ಹೊರತಾದರೆ ವಾರಂಟಿ ಇರುವುದು ಯಾತಕ್ಕೆ ಎಂದು ನಗುತ್ತಲೇ ಕೇಳಿ. ವಾರಂಟಿ ಕೊಡುತ್ತಿರುವುದು ಉತ್ಪನ್ನದ ಕಂಪನಿಯೋ, ಅಂಗಡಿಯೋ? ಅಂಗಡಿ ಮುಚ್ಚಿದರೆ ಯಾರ ಬಳಿ ಹೋಗಬೇಕು? ಇದಕ್ಕೆ ಬರಹದಲ್ಲಿ ಉತ್ತರ ಪಡೆಯಿರಿ.

ಪಿಪಿಎಫ್ ಎಂಬುದು ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್. ಒಳ್ಳೆಯದು ಟಿಪಿಯು ಎಂಬ ಪಾಲಿಯುರೆಥೇನಿನಿಂದ ಮಾಡಿದ್ದು, ದಪ್ಪ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್. ಕಲ್ಲೇಟು ತಡೆಯುವ ಶಕ್ತಿ ಇರುವುದು ಇದಕ್ಕೆ. ಸಣ್ಣ ಗೆರೆಗಳು ಬಿಸಿಲಿನ ಕಾವಿಗೆ ತಾವೇ ಕೂಡಿಕೊಳ್ಳುತ್ತವೆ. ಅಗ್ಗದ ಪಿವಿಸಿ ಫಿಲ್ಮಿನಲ್ಲಿ ಈ ಗುಣವಿಲ್ಲ, ಅದು ಬೇಗ ಹಳದಿಯಾಗುತ್ತದೆ. ಅಂಟಿಸುವ ಮುಂಚೆ ರೋಲಿನ ಪೆಟ್ಟಿಗೆ, ಬ್ಯಾಚ್ ಸಂಖ್ಯೆ ತೋರಿಸಲು ಹೇಳಿ, ಫೋಟೋ ತೆಗೆದುಕೊಳ್ಳಿ. ಫಿಲ್ಮನ್ನು ಕಂಪ್ಯೂಟರಿನಲ್ಲಿ ಅಳತೆಗೆ ಕತ್ತರಿಸುತ್ತಾರೋ, ಕಾರಿನ ಮೇಲೆ ಹಾಸಿ ಬ್ಲೇಡಿನಿಂದ ಕೊಯ್ಯುತ್ತಾರೋ ಕೇಳಿ. ಬ್ಲೇಡಿನ ಗೆರೆ ಬಣ್ಣದೊಳಗೆ ಇಳಿದರೆ ಅದು ತಿಳಿಯುವುದು ಫಿಲ್ಮ್ ಕಿತ್ತ ದಿನ. ಮತ್ತೆ ಬಣ್ಣ ಹೊಡೆಸಿದ ಬಾಗಿಲಿನ ಮೇಲೆ ಫಿಲ್ಮ್ ಹಾಕಿಸುವ ಮುನ್ನ ಎರಡು ಸಲ ಯೋಚಿಸಿ, ಕೀಳುವಾಗ ಬಣ್ಣವೂ ಜೊತೆಗೆ ಬರಬಹುದು.

ನನ್ನನ್ನು ಕೇಳಿದರೆ, ಊರೊಳಗೆ ಓಡಾಡುವ ಸಾಧಾರಣ ಕಾರಿಗೆ ಇಡೀ ಮೈಗೆ ಪಿಪಿಎಫ್ ಅತಿಯಾಯಿತು. ಹೆದ್ದಾರಿಯಲ್ಲಿ ಹೆಚ್ಚು ಓಡುವವರು ಬಂಪರ್, ಬಾನೆಟ್, ಕನ್ನಡಿ, ಬಾಗಿಲ ಅಂಚಿಗೆ ಹಾಕಿಸಿದರೆ ಸಾಕು.

ಎಚ್ಚರಿಕೆ

ಸೀಟಿನ ಕೆಳಗಿರುವ ಹಳದಿ ಕನೆಕ್ಟರುಗಳು ಏರ್‌ಬ್ಯಾಗಿಗೆ ಸೇರಿದವು. ಒಳಾಂಗಣ ತೊಳೆಯುವ ನೆಪದಲ್ಲಿ ಅಲ್ಲಿ ನೀರು ಸುರಿಯುವವರಿಗೆ, ಅವನ್ನು ಕಿತ್ತು ಸೀಟು ಬಿಚ್ಚಿ ಇಗ್ನಿಷನ್ ಹಾಕುವವರಿಗೆ ಕಾರು ಕೊಡಬೇಡಿ. ಸೀಟಿನ ಸ್ಪಂಜು ಪೂರ್ತಿ ಒಣಗದೆ ಕಾರು ಮುಚ್ಚಿಟ್ಟರೆ ಎರಡೇ ದಿನಕ್ಕೆ ಮುಗ್ಗಲು ವಾಸನೆ. ಮಳೆಗಾಲದಲ್ಲಿ ಒಳಾಂಗಣ ತೊಳೆಸದಿರುವುದೇ ಲೇಸು. ಒಳ ಚಾವಣಿಯ ಬಟ್ಟೆ ಅಂಟಿನ ಮೇಲೆ ನಿಂತಿದೆ, ನೆನೆದರೆ ಜೋತುಬೀಳುತ್ತದೆ. ಸ್ಟಿಯರಿಂಗ್, ಪೆಡಲ್‌ಗಳಿಗೆ ಹೊಳಪಿನ ಎಣ್ಣೆ ಹಚ್ಚಲೇ ಕೂಡದು, ಜಾರುತ್ತದೆ.

ಅಲಾಯ್ ಚಕ್ರಕ್ಕೆ ಆ್ಯಸಿಡ್ ಹಾಕಿ ‘ಫಳಫಳ’ ಮಾಡುವವರು, ಎಂಜಿನ್ ಮೇಲೆ ಹೈ ಪ್ರೆಷರ್ ನೀರು ಹೊಡೆಯುವವರು, ಅಡಿಭಾಗಕ್ಕೆ ಡೀಸೆಲ್ ಸಿಂಪಡಿಸುವ ಹಳೇ ಪದ್ಧತಿಯವರು ಈಗಲೂ ಇದ್ದಾರೆ. ಡೀಸೆಲ್ ರಬ್ಬರ್ ಬುಷ್‌ಗಳನ್ನು ಹಾಳುಮಾಡುತ್ತದೆ. ಅಡಿಗೆ ತುಕ್ಕು ನಿರೋಧಕ ಲೇಪ ಹಾಕಿಸುವುದಾದರೆ ಹಳೆಯ ತುಕ್ಕನ್ನು ಕೆರೆದು ತೆಗೆದ ಮೇಲೆ ಹಾಕಬೇಕು, ಬಾಗಿಲ ಕೆಳಗಿನ ನೀರು ಇಳಿಯುವ ತೂತುಗಳು ಮುಚ್ಚಬಾರದು. ತುಕ್ಕಿನ ಮೇಲೆ ಲೇಪ ಬಳಿದರೆ ತೇವ ಒಳಗೇ ಉಳಿದು ತಗಡನ್ನು ತಿನ್ನುತ್ತದೆ.

ನಾವು ಮಾಡುವ ತಪ್ಪುಗಳು

ಹೊಸ ಕಾರು ಬುಕ್ ಮಾಡುವಾಗ ಷೋರೂಮಿನ ಕೊಟೇಶನ್‌ನಲ್ಲಿ ಟೆಫ್ಲಾನ್, ಸೆರಾಮಿಕ್, ಅಂಡರ್‌ಬಾಡಿ ಎಂಬ ಸಾಲುಗಳು ಸದ್ದಿಲ್ಲದೆ ಸೇರಿರುತ್ತವೆ. ಅವು ಕಡ್ಡಾಯವಲ್ಲ, ತೆಗೆಸಬಹುದು. ‘ಡೆಲಿವರಿಗೆ ಮುಂಚೆ ಕಾರನ್ನು ಪಾಲಿಶ್ ಮಾಡಬೇಡಿ, ಒಣ ಬಟ್ಟೆಯಲ್ಲಿ ಒರೆಸಬೇಡಿ’ ಎಂದೂ ಹೇಳಿ. ಹೊಸ ಕಾರಿಗೆ ಮೊದಲ ಗೆರೆ ಬೀಳುವುದು ಎಷ್ಟೋ ಸಲ ಅಲ್ಲಿಯೇ.

ಅಪಘಾತದ ನಂತರ ಬಣ್ಣ ಹೊಡೆಸಿದ ಮರುವಾರವೇ ಕೋಟಿಂಗಿಗೆ ಓಡುವುದು ಇನ್ನೊಂದು. ಹೊಸ ಬಣ್ಣದೊಳಗಿನ ದ್ರಾವಕ ಆರಿಹೋಗಲು ಸಾಮಾನ್ಯವಾಗಿ ಒಂದು ತಿಂಗಳಾದರೂ ಬೇಕು. ಎಸಿ ವಾಸನೆಗೆ ಒಳಾಂಗಣ ಕ್ಲೀನಿಂಗ್ ಮಾಡಿಸುವುದು ಮತ್ತೊಂದು, ಅದರ ಮೂಲ ಬಹಳ ಸಲ ಕ್ಯಾಬಿನ್ ಫಿಲ್ಟರ್ ಅಥವಾ ಕೂಲಿಂಗ್ ಕಾಯಿಲ್. ಕೊನೆಯದು, ಕೋಟಿಂಗ್ ಹಾಕಿಸಿಬಿಟ್ಟೆವು, ಇನ್ನು ತೊಳೆಯುವುದೇ ಬೇಡ ಎಂಬ ನಿಶ್ಚಿಂತೆ. ಜಾರುವ ಮೇಲ್ಮೈ ಮೇಲೂ ನೀರಿನ ಮಣಿ ನಿಂತು ಒಣಗಿದರೆ ಕಲೆ ಬಿದ್ದೇ ಬೀಳುತ್ತದೆ.

ಕಾರು ಕೊಡುವಾಗ, ಪಡೆಯುವಾಗ

ಕೊಡುವ ಮುಂಚೆ ಕಾರನ್ನು ಸುತ್ತಿ ಒಂದು ವಿಡಿಯೋ ಮಾಡಿ, ಕಿಲೋಮೀಟರ್, ಇಂಧನದ ಮಟ್ಟ ಕಾಣುವಂತೆ. ಬೆಲೆಬಾಳುವ ವಸ್ತು, ದಾಖಲೆ ಎತ್ತಿಕೊಳ್ಳಿ. ಜಾಬ್ ಕಾರ್ಡಿನಲ್ಲಿ ‘ಫುಲ್ ಡೀಟೇಲಿಂಗ್’ ಎಂದಷ್ಟೇ ಬರೆದರೆ ಒಪ್ಪಬೇಡಿ. ಯಾವ ಹಂತಗಳು, ಯಾವ ಕಂಪನಿಯ ಯಾವ ಉತ್ಪನ್ನ, ಎಷ್ಟು ಪದರ, ಯಾವ ದಿನ ವಾಪಸ್ ಎಂಬುದೆಲ್ಲ ಇರಲಿ. ಪೂರ್ತಿ ಹಣ ಮುಂಗಡ ಕೊಡಬೇಡಿ, ಜಿಎಸ್‌ಟಿ ಬಿಲ್ ಬಿಡಬೇಡಿ. ಬಿಲ್ ಇಲ್ಲದೆ ಕಡಿಮೆ ಮಾಡಿಕೊಡುತ್ತೇನೆ ಎಂದರೆ ನಾಳೆ ವಾರಂಟಿಯೂ ಇಲ್ಲ ಎಂದೇ ಅರ್ಥ.

ವಾಪಸ್ ಪಡೆಯಲು ಹಗಲು ಹೊತ್ತಿನಲ್ಲಿ ಹೋಗಿ, ಕಾರನ್ನು ಬಿಸಿಲಿಗೆ ತರಿಸಿ ನೋಡಿ. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಪಾಲಿಶ್ ಅಂಟಿದೆಯೇ, ಬಾಗಿಲ ಅಂಚು, ಬಾನೆಟ್ಟಿನ ಏಣುಗಳಲ್ಲಿ ಬಣ್ಣ ತೆಳುವಾಗಿದೆಯೇ, ಕಿಟಕಿ, ಎಸಿ, ಲೈಟು, ಸೆನ್ಸರುಗಳು ಸರಿ ಇವೆಯೇ ನೋಡಿ. ದಪ್ಪದ ಅಂಕಿಗಳನ್ನು ಮೊದಲಿನದರ ಜೊತೆ ಹೋಲಿಸಿ. ಕೋಟಿಂಗ್ ಹಾಕಿಸಿದ್ದರೆ ಮೊದಲ ಒಂದೆರಡು ದಿನ ನೀರು ತಾಗಿಸಬೇಡಿ, ಒಂದು ವಾರ ಶಾಂಪೂ ಹಾಕಿ ತೊಳೆಯಬೇಡಿ. ಆಕಸ್ಮಿಕವಾಗಿ ಮಳೆ ಬಿದ್ದರೆ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ಹಾಸಿ ನೀರು ಹೀರಿಸಿ, ಉಜ್ಜಬೇಡಿ.

ಕೆಲಸ ಕೆಟ್ಟಿದ್ದರೆ ಅಲ್ಲೇ ಫೋಟೋ ತೆಗೆದು, ಸರಿಪಡಿಸಲು ಬರಹದಲ್ಲಿ ಕೇಳಿ. ವಾಟ್ಸ್‌ಆ್ಯಪ್ ಸಂದೇಶವಾದರೂ ಆಯಿತು. ಒಳ್ಳೆಯ ಅಂಗಡಿಯವರು ಇದನ್ನು ಜಗಳ ಮಾಡುವುದಿಲ್ಲ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂಗಡಿ ಬೆಂಗಳೂರಿನಲ್ಲಿದ್ದರೆ ನೀವು ಹಾಸನದಿಂದ ಓಡಾಡಬೇಕಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ಸೇರಬೇಕು. ಬಿಲ್, ಜಾಬ್ ಕಾರ್ಡ್, ದಪ್ಪದ ಅಂಕಿಗಳ ಚೀಟಿ ಮೂರನ್ನೂ ಅಲ್ಲಿಯವರೆಗೆ ಆರ್‌ಸಿ ಇರುವ ಕಡತದಲ್ಲೇ ಇಟ್ಟಿರಿ.